ವಾದ್ಯದ ಹಲಗೆ ಮತ್ತು ಮರದ ಧೂಳು

ಪುಣೆಯಲ್ಲಿ 1953ರಲ್ಲಿ ಆರಂಭವಾದ ಸವಾಯಿ ಗಂಧರ್ವ ಮಹೋತ್ಸವವು ಕುಂದಗೋಳದ ಮಹಾಗಾಯಕರೊಬ್ಬರ ಸ್ಮರಣೆಗಾಗಿ ಅವರ ಶಿಷ್ಯ ಪಂಡಿತ ಭೀಮಸೇನ ಜೋಶಿಯವರ ಪ್ರಯತ್ನದಿಂದ ರೂಪುಗೊಂಡಿತೆಂಬುದನ್ನು ಈ ನಗರದ ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಅಂತಹ ಸಭೆಗಳಲ್ಲಿ ಶ್ರೋತೃಗಳ ಗಮನವೆಲ್ಲ ಗಾಯಕನ ಕಂಠದ ಮೇಲಿರುತ್ತದೆ. ಹಿಂದೆ ಮಿಡಿಯುವ ತಂಬೂರಿಯ ಮರವನ್ನು ತೆಳುಗೊಳಿಸಿದ ಕುಶಲಕರ್ಮಿಯ ಕಡೆಗೆ, ಅದರಲ್ಲೂ ಅವನ ಶ್ವಾಸಕೋಶದ ಕಡೆಗೆ, ಗಮನ ಹರಿಯುವುದು ವಿರಳ.

ತೆಳುವೇಕೆ?

ತಂತಿಯ ಕಂಪನ ತಾನಾಗಿ ಬಹಳ ಕ್ಷೀಣವಾದುದು. ಅದನ್ನು ಹಿಡಿದು ಗಾಳಿಗೆ ಒಪ್ಪಿಸುವ ಕಾರ್ಯ ಹಲಗೆಯದು. ಹಲಗೆ ದಪ್ಪವಾದರೆ ನಾದ ಮೂಕವಾಗುತ್ತದೆ. ಅತಿ ತೆಳುವಾದರೆ ತಂತಿಯ ಬಿಗಿತಕ್ಕೆ ಕುಸಿಯುತ್ತದೆ. ಹಲಗೆಯ ಬಾಗದಿರುವ ಗುಣವು ಅದರ ದಪ್ಪದ ಘನಕ್ಕೆ ಅನುಗುಣವಾಗಿರುವುದರಿಂದ, 3 ಮಿ.ಮೀ. ಹಲಗೆಯನ್ನು 2.7 ಮಿ.ಮೀ.ಗೆ ಇಳಿಸಿದರೆ ದಪ್ಪ ಹತ್ತರಲ್ಲಿ ಒಂದು ಪಾಲು ಮಾತ್ರ ತಗ್ಗಿದರೂ ಬಿಗುವು ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚು ಕುಗ್ಗುತ್ತದೆ. ಆದ್ದರಿಂದಲೇ ವಾದ್ಯಕಾರನಿಗೆ ಕೂದಲೆಳೆಯ ಅಂತರವೂ ಮುಖ್ಯ.

ಪುಣೆಯಿಂದ ಬೆಳಗಾವಿಯತ್ತ ರೈಲಿನಲ್ಲಿ ಸಾಗುವವರಿಗೆ ಪರಿಚಿತವಾದ ಮೀರಜ್‌ನಲ್ಲಿ, ಸೋರೆ ಬುರುಡೆಯ ಮೇಲೆ ಕೂರಿಸುವ ಮರದ ತಬಲಿಯನ್ನು ಇಂದಿಗೂ ಬಹುತೇಕ ಕೈಯಿಂದಲೇ ರೂಪಿಸುತ್ತಾರೆ. ಅಲ್ಲಿಯ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ತಬಲಿಗೆ ತುಸು ಉಬ್ಬು ಇರುವುದರಿಂದ ಅಲ್ಲಿ ಉಳಿ, ಅರಗಳೇ ಯೋಗ್ಯ. ಆದರೆ ಗಿಟಾರಿನಂತಹ ವಾದ್ಯಗಳ ಸಪಾಟು ಹಲಗೆಗಳಿಗೆ ಡ್ರಮ್ ಸ್ಯಾಂಡರ್ ಎಂಬ ಯಂತ್ರ ಬಳಕೆಗೆ ಬಂದಿದೆ.

ಯಂತ್ರದ ಬಗೆ

ಮರಳುಕಾಗದದ ಪಟ್ಟಿಯನ್ನು ಸುತ್ತಿದ ಉರುಳೆಯೊಂದು ವೇಗವಾಗಿ ತಿರುಗುತ್ತದೆ. ಅದರ ಕೆಳಗೆ ನಿಧಾನವಾಗಿ ಚಲಿಸುವ ಪಟ್ಟೆಯು ಹಲಗೆಯನ್ನು ಒಯ್ಯುತ್ತದೆ. ಎಳೆಗಳು ಹೆಣೆದುಕೊಂಡಿರುವ ಬೀಟೆಯಂತಹ ಮರವನ್ನು ಹತ್ತರಿಯಿಂದ ಹೆರೆದರೆ ಮೇಲ್ಮೈ ಕಿತ್ತುಬರುವ ಭಯವಿದೆ. ಉರುಳೆಗೆ ಆ ದೋಷವಿಲ್ಲ. ಆದರೆ ಸಹನೆ ಬೇಕು. ಒಂದು ಸಾರಿಗೆ 0.1ರಿಂದ 0.2 ಮಿ.ಮೀ.ಗಿಂತ ಹೆಚ್ಚು ತೆಗೆಯಬಾರದು. ಹೆಚ್ಚು ತೆಗೆದರೆ ಶಾಖದಿಂದ ಮರದ ಅಂಟು ಕರಗಿ ಕಾಗದಕ್ಕೆ ಮೆತ್ತಿಕೊಂಡು ಹಲಗೆಯ ಮೇಲೆ ಸುಟ್ಟ ಗೆರೆಗಳು ಮೂಡುತ್ತವೆ. ಹಲಗೆ ಉರುಳೆಯ ಕೆಳಗೆ ನಡುವೆ ನಿಂತರೆ ಆ ಸ್ಥಳದಲ್ಲಿ ತಗ್ಗು ಬೀಳುತ್ತದೆ. ಎರಡೂ ಮುಖಗಳನ್ನು ಸರದಿಯಂತೆ ಉಜ್ಜಿ, ಕೊನೆಯ ಕಾಲು ಮಿಲಿಮೀಟರನ್ನು ಕೈಗೆಲಸಕ್ಕೆ ಉಳಿಸುವುದು ಕ್ಷೇಮ. ಪುಣೆಯ ಮಳೆಗಾಲದಲ್ಲಿ ತೇವ ಹೀರಿದ ಮರವನ್ನು ಆಗಲೇ ಅಂತಿಮ ಅಳತೆಗೆ ತಂದರೆ ಚೈತ್ರದ ಒಣ ಹವೆಯಲ್ಲಿ ಅದು ಕುಗ್ಗಿ ಬಿರಿಯಬಹುದು.

ತೆಗೆದ ಮರ ಎಲ್ಲಿಗೆ ಹೋಯಿತು?

ಹತ್ತರಿ ಸುರುಳಿಯಾದ ಹೊಟ್ಟನ್ನು ನೆಲಕ್ಕೆ ಬೀಳಿಸುತ್ತದೆ. ಯಂತ್ರವಾದರೋ ಅದೇ ಮರವನ್ನು ಹುಡಿಮಾಡಿ ಗಾಳಿಗೆ ತೂರುತ್ತದೆ. 50 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲದ ಬೀಟೆಯ ಹಲಗೆಯನ್ನು 4 ಮಿ.ಮೀ.ನಿಂದ 2.5 ಮಿ.ಮೀ.ಗೆ ಇಳಿಸಿದರೆ ಸುಮಾರು 240 ಗ್ರಾಂ ಧೂಳು ಹುಟ್ಟುತ್ತದೆ. ಯುರೋಪಿನ ಒಕ್ಕೂಟವು 2023ರಿಂದ ಗಟ್ಟಿಮರದ ಧೂಳಿಗೆ ವಿಧಿಸಿರುವ ಮಿತಿ, ಎಂಟು ಗಂಟೆಗಳ ಸರಾಸರಿಯಲ್ಲಿ, ಒಂದು ಘನ ಮೀಟರ್ ಗಾಳಿಗೆ 2 ಮಿಲಿಗ್ರಾಂ. 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಗೆ ಇದು ಕೇವಲ 120 ಮಿಲಿಗ್ರಾಂ ಆಯಿತು. ಅಂದರೆ ಒಂದೇ ಹಲಗೆಯ ಧೂಳಿನ ಎರಡು ಸಾವಿರದಲ್ಲಿ ಒಂದು ಪಾಲು ಗಾಳಿಯಲ್ಲಿ ತೇಲಿದರೂ ಕೋಣೆಯ ಗಾಳಿ ಆ ಮಟ್ಟವನ್ನು ಮುಟ್ಟುತ್ತದೆ.

ಕಣ್ಣಿಗೆ ಕಾಣುವ ಧೂಳು ಬೇಗ ನೆಲ ಸೇರುತ್ತದೆ ಅಥವಾ ಮೂಗಿನಲ್ಲಿಯೇ ತಡೆಯಲ್ಪಡುತ್ತದೆ. ಮೀಟರಿನ ಹತ್ತು ಲಕ್ಷದಲ್ಲಿ ಐದು ಭಾಗದಷ್ಟು, ಎಂದರೆ 5 ಮೈಕ್ರಾನ್ ಗಾತ್ರದ ಕಣವು, ನಿಶ್ಚಲವಾದ ಗಾಳಿಯಲ್ಲಿಯೂ ಮೂಗಿನ ಎತ್ತರದಿಂದ ನೆಲಕ್ಕಿಳಿಯಲು ಅರ್ಧ ಗಂಟೆಗಿಂತ ಹೆಚ್ಚು ಕಾಲ ಹಿಡಿಯುತ್ತದೆ. ಯಂತ್ರ ನಿಲ್ಲಿಸಿ, ಮುಖವಾಡ ತೆಗೆದು ಚಹಾ ಕುಡಿಯುವ ವೇಳೆಯಲ್ಲಿ ಕುಶಲಕರ್ಮಿ ಸೇವಿಸುವುದು ಇದನ್ನೇ.

ಪರಿಣಾಮಗಳು ಹಲವು. ಬೀಟೆಯಲ್ಲಿರುವ ಕೆಲವು ರಾಸಾಯನಿಕಗಳು ಒಗ್ಗದವರಲ್ಲಿ ಚರ್ಮದ ಉರಿ, ತುರಿಕೆಗಳನ್ನುಂಟುಮಾಡುತ್ತವೆ. ಗಿಟಾರಿನ ಮುಖಕ್ಕೆ ಬಳಸುವ ಅಮೆರಿಕದ ಕೆಂಪು ಸೀಡರ್ ಮರದ ಧೂಳಿನಿಂದ ಉಬ್ಬಸ ಹುಟ್ಟುವುದು ವೈದ್ಯರಿಗೆ ಚೆನ್ನಾಗಿ ತಿಳಿದ ವಿಷಯ. ಇಂಗ್ಲೆಂಡಿನ ಹೈ ವಿಕೂಂಬ್ ಪ್ರದೇಶದ ಪೀಠೋಪಕರಣ ಕೆಲಸಗಾರರಲ್ಲಿ ಮೂಗಿನ ಒಂದು ಬಗೆಯ ಅಪರೂಪದ ಕ್ಯಾನ್ಸರ್ ಹೆಚ್ಚಾಗಿರುವುದನ್ನು ಅಲ್ಲಿಯ ವೈದ್ಯರು 1960ರ ದಶಕದಲ್ಲಿ ಗುರುತಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ಈ ರೋಗ ತಲೆದೋರಲು ದಶಕಗಳೇ ಹಿಡಿಯುವುದರಿಂದ ಇಂದು ಆರೋಗ್ಯವಾಗಿರುವುದು ನಾಳೆಗೆ ಅಭಯವಲ್ಲ.

ಪರಿಹಾರ

ಮೊದಲನೆಯದಾಗಿ, ಧೂಳನ್ನು ಹುಟ್ಟಿದಲ್ಲಿಯೇ ಹೀರಬೇಕು. ಉರುಳೆಯ ಮುಚ್ಚಳಕ್ಕೆ ದೊಡ್ಡ ಕೊಳವೆಯ ಧೂಳುಹೀರುವ ಯಂತ್ರವನ್ನು ಜೋಡಿಸದೆ ಕೆಲಸ ಆರಂಭಿಸಲೇಬಾರದು. ಅದರ ಚೀಲ ಸಡಿಲ ನೇಯ್ಗೆಯದಾದರೆ ದಪ್ಪ ಧೂಳು ಒಳಗುಳಿದು ಅಪಾಯಕರವಾದ ಸೂಕ್ಷ್ಮಧೂಳು ಮರಳಿ ಕೋಣೆಗೇ ಬರುವುದು. ಆದ್ದರಿಂದ ಉತ್ತಮ ಸೋಸುಕ ಅಗತ್ಯ. ಎರಡನೆಯದಾಗಿ, ಕಸಬರಿಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಮೂರನೆಯದಾಗಿ, ಮುಖಕ್ಕೆ ಕಟ್ಟಿದ ಕರವಸ್ತ್ರ ಸಾಲದು; ಅಂಚುಗಳಲ್ಲಿ ಗಾಳಿ ನುಸುಳದ ಎನ್-95 ಮಾದರಿಯ ಮುಖವಾಡವನ್ನು, ಯಂತ್ರ ನಿಂತ ಮೇಲೂ ಕೆಲಹೊತ್ತು, ಧರಿಸಿರಬೇಕು. ಕೆಲಸದ ಬಟ್ಟೆಯಲ್ಲಿ ಮನೆಗೆ ಹೋಗಿ ಮಕ್ಕಳನ್ನು ಎತ್ತಿಕೊಳ್ಳುವುದು ಸಲ್ಲದು.

ರಜೆಯಲ್ಲಿ ಕಡಿಮೆಯಾಗಿ ಕೆಲಸದ ದಿನ ಮರುಕಳಿಸುವ ಕೆಮ್ಮು, ಒಂದೇ ಹೊಳ್ಳೆಯ ಕಟ್ಟುವಿಕೆ, ಪದೇ ಪದೇ ಮೂಗಿನಿಂದ ರಕ್ತ: ಇವುಗಳಲ್ಲಿ ಯಾವುದು ಕಂಡರೂ ವೈದ್ಯರ ಬಳಿಗೆ ಹೋಗಬೇಕು, ತನ್ನ ಕಸುಬೇನೆಂಬುದನ್ನು ಕೇಳುವ ಮೊದಲೇ ತಿಳಿಸಬೇಕು. ಹಲಗೆಯ ದಪ್ಪವನ್ನು ಮಿಲಿಮೀಟರಿನ ಹತ್ತನೆಯ ಒಂದು ಭಾಗದವರೆಗೆ ಅಳೆಯಬಲ್ಲ ಕುಶಲಕರ್ಮಿಯು ತಾನು ಉಸಿರಾಡುವ ಗಾಳಿಯ ವಿಷಯದಲ್ಲಿಯೂ ಅಷ್ಟೇ ನಿಷ್ಠುರನಾಗಿರುವುದು ಉಚಿತ.