ಸಿದ್ಧರಾಮನ ಊರಿನ ಹಳೇ ಕಟ್ಟಡ: ದುರಸ್ತಿ ದುಡ್ಡಿಗೆ ಮುಂಬೈ ದಾರಿ

ಸೊಲ್ಲಾಪುರ: ಸಂಕ್ರಾಂತಿ ಬಂತೆಂದರೆ ಇಂಡಿ, ಅಫಜಲಪುರ, ಅಕ್ಕಲಕೋಟ, ಜತ್ತ ಕಡೆಯ ಬಸ್ಸುಗಳು ಇಲ್ಲಿಗೆ ತುಂಬಿಕೊಂಡೇ ಬರುತ್ತವೆ. ಏಳು ನಂದಿಕೋಲುಗಳ ಮೆರವಣಿಗೆ ನೋಡಿ, ಕೆರೆ ನಡುವಿನ ಸಿದ್ಧೇಶ್ವರ ಗುಡಿಯಲ್ಲಿ ಕಾಯಿ ಒಡೆಸಿದ ಮೇಲೆ ಮಕ್ಕಳ ವರಾತ ಸುರುವಾಗುತ್ತದೆ. ‘ಗುಡಿ ಆತು, ಇನ್ನ ಕ್ವಾಟಿ ನೋಡ್ಕೊಂಡ ಹೋಗೂಣು’ ಅಂತ ಮನೆಮಂದಿಯೆಲ್ಲ ಭುಯಿಕೋಟ ಕಿಲ್ಲೆಯ ಕಡೆ, ಪಕ್ಕದ ಉದ್ಯಾನದ ಕಡೆ ಹೆಜ್ಜೆ ಹಾಕುತ್ತಾರೆ.

ಕೆರೆ, ಕಿಲ್ಲೆ, ಪಾರ್ಕ್ ಮೈದಾನ, ಹೋಮ್ ಮೈದಾನ ಎಲ್ಲವೂ ಅಕ್ಕಪಕ್ಕದಲ್ಲೇ ಇವೆ. ಇಂದ್ರಭುವನವೂ ದೂರವಿಲ್ಲ. ಊರಿನ ಇತಿಹಾಸವೂ ಇಲ್ಲೇ, ಸಂಜೆಯ ತಿರುಗಾಟವೂ ಇಲ್ಲೇ. ಆದರೆ ಇವನ್ನು ದುರಸ್ತಿ ಮಾಡಿ ಕಾಪಾಡಲು ಪಾಲಿಕೆಯ ಗಂಟು ಸಾಲದು. ರಾಜ್ಯ ಸರ್ಕಾರದ ಅನುದಾನಕ್ಕಾಗಿ ಮುಂಬೈಯ ಮಂತ್ರಾಲಯದ ಬಾಗಿಲು ತಟ್ಟಲೇಬೇಕು.

ಕನ್ನಡದ ಗುರುತು

ಸೊಲ್ಲಾಪುರದ ಹಳೆಯ ಹೆಸರು ಸೊನ್ನಲಿಗೆ. 12ನೇ ಶತಮಾನದ ವಚನಕಾರ ಸಿದ್ಧರಾಮ ಜನರನ್ನು ಕೂಡಿಸಿಕೊಂಡು ಇಲ್ಲಿ ಕೆರೆ ಕಟ್ಟಿಸಿದ. ಊರಿನ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದ ಎಂಬುದು ಪರಂಪರೆಯ ನಂಬಿಕೆ. ‘ಕಪಿಲಸಿದ್ಧ ಮಲ್ಲಿಕಾರ್ಜುನ’ ಆತನ ವಚನಗಳ ಅಂಕಿತ.

ಇಂದ್ರಭುವನವನ್ನು ಕಟ್ಟಿಸಿದವರು ವಾರದ ಮಲ್ಲಪ್ಪನವರು. ದೊಡ್ಡ ವ್ಯಾಪಾರಸ್ಥರಾಗಿದ್ದ ಇವರು 20ನೇ ಶತಮಾನದ ಆರಂಭದಲ್ಲಿ ವೀರಶೈವ ಗ್ರಂಥಗಳನ್ನು ಅಚ್ಚು ಹಾಕಿಸಿ ಹಂಚಿದವರೂ ಹೌದು. ಕೆತ್ತನೆ ಕೆಲಸದ ಅವರ ಆ ಬಂಗಲೆ ಮುಂದೆ ಪಾಲಿಕೆಯ ಕಚೇರಿಯಾಯಿತು.

1930ರ ಮಾರ್ಷಲ್ ಲಾ ದಿನಗಳ ನೆನಪೂ ಇಲ್ಲಿದೆ. 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ನೇಣಿಗೇರಿದ ನಾಲ್ವರು ಮಲ್ಲಪ್ಪ ಧನಶೆಟ್ಟಿ, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂಧೆ ಮತ್ತು ಕುರ್ಬಾನ್ ಹುಸೇನ್. ಹುತಾತ್ಮ ಬಾಗ್ ಎಂಬ ಹೆಸರು ಇವರದೇ ನೆನಪು.

ಯಾರದು ಯಾವುದು?

ಅನುದಾನದ ಅರ್ಜಿಯಲ್ಲಿ ಮೊದಲು ಬರುವ ಪ್ರಶ್ನೆ, ಆಸ್ತಿ ಯಾರದು ಎಂಬುದು. ಕಿಲ್ಲೆ ಇರುವುದು ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸುಪರ್ದಿಯಲ್ಲಿ. ಅಲ್ಲಿ ಒಂದು ಕಲ್ಲು ಸರಿಸಬೇಕಾದರೂ ಆ ಇಲಾಖೆಯೇ ಆಗಬೇಕು. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಅದರಾಚೆಯ 200 ಮೀಟರ್‌ನಲ್ಲಿ ಕಟ್ಟಲು ಪರವಾನಗಿ ಬೇಕು.

ಹೀಗಾಗಿ ಕಿಲ್ಲೆಗೆ ಹತ್ತಿದ ಜಾಗದಲ್ಲಿ ಮಕ್ಕಳ ಆಟದ ಸೌಕರ್ಯ, ಉಪಾಹಾರದ ಕೋಣೆ, ಶೌಚಾಲಯ ಕಟ್ಟುವುದು ಅಂದುಕೊಂಡಷ್ಟು ಸಲೀಸಲ್ಲ. ಸರ್ಕಾರ ದುಡ್ಡು ಕೊಟ್ಟರೂ ಪರವಾನಗಿ ಇಲ್ಲದೆ ಗುದ್ದಲಿ ಹಾಕುವ ಹಾಗಿಲ್ಲ. ಪಾಲಿಕೆಯ ಸ್ವಂತ ಆಸ್ತಿಯಾದ ಕಚೇರಿ ಕಟ್ಟಡ, ಕ್ರೀಡಾಂಗಣ, ಉದ್ಯಾನಗಳ ಮಾತು ಬೇರೆ. ಅವುಗಳಿಗೆ ರಾಜ್ಯದ ನಗರಾಭಿವೃದ್ಧಿ ಇಲಾಖೆಯಿಂದಲೋ ಜಿಲ್ಲಾ ನಿಯೋಜನ ಸಮಿತಿಯಿಂದಲೋ ನೇರ ಕೇಳಬಹುದು.

ಕೈ ಚಾಚುವುದು ಯಾಕೆ?

ಹಿಂದೆ ಪಾಲಿಕೆಗೆ ಜಕಾತಿಯ ಆದಾಯ ಇತ್ತು. ಆಮೇಲೆ ಎಲ್‌ಬಿಟಿ ಬಂತು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಅದೂ ಮುಗಿಯಿತು. ಈಗ ರಾಜ್ಯ ಕೊಡುವ ಪರಿಹಾರ, ಮನೆಪಟ್ಟಿ, ನೀರಪಟ್ಟಿ ಇವೇ ಆಸರೆ. ಉಜನಿ ಜಲಾಶಯದಿಂದ 100 ಕಿ.ಮೀ.ಗೂ ಹೆಚ್ಚು ದೂರ ಪೈಪಿನಲ್ಲಿ ನೀರು ತರಬೇಕಾದ ಊರಿದು. ಪಗಾರ, ನೀರು, ಗಟಾರು, ರಸ್ತೆ ಇವೇ ಮೊದಲು. ಹಳೇ ಕಟ್ಟಡದ ಸರದಿ ಕಡೆಗೆ.

ಅರ್ಜಿಯ ದಾರಿಯೂ ಉದ್ದ. ಪಾಲಿಕೆಯ ಠರಾವು, ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಿ, ಆಮೇಲೆ ಆಡಳಿತ ಮಂಜೂರಿ. ಬಹಳಷ್ಟು ಯೋಜನೆಗಳಲ್ಲಿ ಪಾಲಿಕೆಯೂ ತನ್ನ ಪಾಲು ಹಾಕಬೇಕು. ಆ ಪಾಲಿಗೆ ಕೊರತೆ ಬಿದ್ದರೆ ಮಂಜೂರಾದ ಕೆಲಸವೂ ನಡುದಾರಿಯಲ್ಲಿ ನಿಲ್ಲುತ್ತದೆ.

ಸ್ಮಾರ್ಟ್ ಸಿಟಿಯ ಪಾಠ

2016ರ ಜನವರಿಯಲ್ಲಿ ಪ್ರಕಟವಾದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ಸೊಲ್ಲಾಪುರವೂ ಇತ್ತು. ಒಂದೊಂದು ಊರಿಗೆ ಕೇಂದ್ರದಿಂದ 500 ಕೋಟಿ ರೂ.ವರೆಗೆ, ಅಷ್ಟೇ ಮೊತ್ತ ರಾಜ್ಯ ಮತ್ತು ಪಾಲಿಕೆ ಸೇರಿ ಹಾಕಬೇಕೆಂಬುದು ಲೆಕ್ಕ. ಆ ಹಣದಲ್ಲಿ ಇಂದ್ರಭುವನದ ದುರಸ್ತಿ ನಡೆಯಿತು. ಪಾರ್ಕ್ ಮೈದಾನದ ಇಂದಿರಾ ಗಾಂಧಿ ಕ್ರೀಡಾಂಗಣ ಹೊಸ ರೂಪ ಪಡೆಯಿತು. 2024ರ ಜನವರಿಯಲ್ಲಿ ಅಲ್ಲಿ ಮಹಾರಾಷ್ಟ್ರ-ಮಣಿಪುರ ರಣಜಿ ಪಂದ್ಯವೂ ಆಯಿತು. ದುಡ್ಡು ಸರಿಯಾಗಿ ಬಂದರೆ ಹಳೇ ಕಟ್ಟಡವೂ ಉಳಿಯುತ್ತದೆ, ಆಟದ ಬಯಲೂ ಬೆಳಗುತ್ತದೆ ಎಂಬುದಕ್ಕೆ ಇವೆರಡೂ ಸಾಕ್ಷಿ.

ಆದರೆ ಆ ಯೋಜನೆ 2025ರ ಮಾರ್ಚ್ 31ಕ್ಕೆ ಮುಗಿದಿದೆ. ಕಟ್ಟಡ ರಿಪೇರಿ ಮಾಡಿದ ಮರುದಿನದಿಂದಲೇ ಅದರ ಖರ್ಚು ಮತ್ತೆ ಸುರು. ಗಾರೆಯ ಗೋಡೆಗೆ ಸಿಮೆಂಟ್ ಮೆತ್ತಿದರೆ ತೇವ ಹೊರಹೋಗದೆ ಕಲ್ಲು ಸವೆಯುತ್ತದೆ. ಸುಣ್ಣದ ಕೆಲಸ ಬಲ್ಲ ಕೈಗಳೇ ಬೇಕು. ಮೈದಾನದ ಹುಲ್ಲಿಗೆ ನೀರು, ಉದ್ಯಾನಕ್ಕೆ ಮಾಲಿ, ರಾತ್ರಿಗೆ ಕಾವಲುಗಾರ ಬೇಕು. ಅನುದಾನ ಕೇಳುವಾಗ ಇದಕ್ಕೂ ಒಂದು ಬಾಬು ತೆಗೆದಿಡದಿದ್ದರೆ ಹತ್ತು ವರ್ಷಕ್ಕೆ ಮತ್ತದೇ ಅರ್ಜಿ, ಮತ್ತದೇ ಮುಂಬೈ.

ಕಟ್ಟಡಕ್ಕೆ ಕೆಲಸ ಕೊಟ್ಟರೆ ಅದು ಹಾಳು ಬೀಳುವುದಿಲ್ಲ ಎಂಬುದಕ್ಕೂ ಊರಲ್ಲೇ ಮಾದರಿ ಇದೆ. ಚೀನಾದಲ್ಲಿ ಗಾಯಾಳುಗಳ ಸೇವೆ ಮಾಡುತ್ತ 1942ರಲ್ಲಿ ತೀರಿಕೊಂಡ ಡಾ. ದ್ವಾರಕಾನಾಥ ಕೋಟ್ನಿಸರ ಮನೆಯನ್ನು ಸ್ಮಾರಕ ಮಾಡಲಾಗಿದೆ. ಜನ ಬಂದು ನೋಡುತ್ತಾರೆ, ಮನೆಯೂ ಉಳಿದಿದೆ.

ಗಡಿಯ ಕನ್ನಡ ಮನೆತನಗಳಿಗೆ ಇದರಲ್ಲಿ ಇನ್ನೊಂದು ಆಸೆಯೂ ಇರುವುದು ಸಹಜ. ಮುಂದಿನ ಪ್ರಸ್ತಾವದಲ್ಲಿ ಮರಾಠಿಯ ಜತೆಗೆ ಕನ್ನಡದ ಮಾಹಿತಿ ಫಲಕಗಳೂ ಸೇರಿದರೆ ಖರ್ಚು ದೊಡ್ಡದೇನಲ್ಲ. ಜಾತ್ರೆಗೆ ಬಂದ ಮೊಮ್ಮಗ ‘ಇದನ್ನ ಕಟ್ಟಿಸಿದವ್ರು ಯಾರ, ಅಜ್ಜಾ?’ ಅಂತ ಕೇಳಿದರೆ ಅಜ್ಜನಿಗೆ ಓದಿ ಹೇಳಲು ಒಂದು ಫಲಕವಾದರೂ ಇರುತ್ತದೆ.