ದಾಸೋಜನ ಉಳಿ ಕಸಿದುಕೊಂಡವರು

ಹಳೇಬೀಡಿಗೆ ಈಗ ಹೊಸ ಬಗೆಯ ಪ್ರವಾಸಿಗರು ಬರುತ್ತಿದ್ದಾರೆ. ಇವರಿಗೆ ಹೊರಗೋಡೆಯ ಆನೆಸಾಲು ಬೇಡ, ರಾಮಾಯಣ ಮಹಾಭಾರತ ಬೇಡ. ಮೊಬೈಲಿನಲ್ಲಿ ವಿಡಿಯೊ ನಿಲ್ಲಿಸಿಕೊಂಡು, "ಟೆಲಿಸ್ಕೋಪ್ ಹಿಡಿದವನು ಎಲ್ಲಿದ್ದಾನೆ? ಗೇರ್ ಹಿಡಿದ ಭೈರವ ಎಲ್ಲಿ?" ಎಂದು ಗೈಡ್‌ಗಳ ಪ್ರಾಣ ತಿನ್ನುತ್ತಾರೆ.

ಲಕ್ಷಾಂತರ ಜನ ನೋಡಿರುವ ಈ ವಿಡಿಯೊಗಳ ವಾದ ಇಷ್ಟೇ: ಇಷ್ಟು ನವಿರಾದ ಕೆತ್ತನೆ ಕೈಯಿಂದ ಆಗುವುದಲ್ಲ, ಕಂಬಗಳ ಮೈಮೇಲಿನ ಉಂಗುರಗೆರೆಗಳೇ ಯಂತ್ರಕ್ಕೆ ಸಾಕ್ಷಿ, ಈ ಸತ್ಯವನ್ನು ಇತಿಹಾಸಕಾರರು ಮುಚ್ಚಿಟ್ಟಿದ್ದಾರೆ.

ಮುಚ್ಚಿಟ್ಟಿದ್ದಾರಂತೆ! ಆ ಕಂಬಗಳನ್ನು ತಿರುಗಿಸಿ ಕಡೆದಿದ್ದಾರೆ ಎಂದು ಹೊಯ್ಸಳ ಶಿಲ್ಪದ ಬಗೆಗಿನ ಯಾವ ಸಾಧಾರಣ ಪುಸ್ತಕವೂ ಹೇಳುತ್ತದೆ. ಆ ಕೌಶಲ ಆಕಾಶದಿಂದ ಬಿದ್ದದ್ದೂ ಅಲ್ಲ. ಬೇಲೂರಿನ ದೇವಾಲಯಕ್ಕಿಂತ ಮೊದಲೇ, ಕಲ್ಯಾಣದ ಚಾಲುಕ್ಯರ ಕಾಲದ ಲಕ್ಕುಂಡಿಯಲ್ಲಿ, 1112ರ ಇಟಗಿಯ ಮಹಾದೇವ ದೇವಾಲಯದಲ್ಲಿ ಅಂಥದೇ ಕಂಬಗಳಿವೆ. ಆ ಶಿಲ್ಪಿಗಳ ವಿದ್ಯೆಯೇ ದಕ್ಷಿಣಕ್ಕೆ ಇಳಿದು ಬಂತು. 1220ರ ಅರಸೀಕೆರೆಯ ಈಶ್ವರ ದೇವಾಲಯಕ್ಕೆ ಹೋದರೆ ಅದೇ ಹೊಳಪಿನ ಕಂಬಗಳನ್ನು ನೂಕುನುಗ್ಗಲಿಲ್ಲದೆ ನೋಡಬಹುದು. ಅಲ್ಲಿಗೆ ಕ್ಯಾಮೆರಾ ಹಿಡಿದವರು ಹೋಗುವುದು ಕಡಿಮೆ, ಪುಣ್ಯ.

ಇನ್ನು ಕಲ್ಲು. ಇದು ಗ್ರಾನೈಟ್ ಅಲ್ಲ, ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಬಿಸಿಲಿಗೆ ಬಿದ್ದಮೇಲೆ ಗಟ್ಟಿಯಾಗುತ್ತದೆ. ಸ್ಲೇಟಿನ ಮೇಲೆ ಬಳಪ ತೀಡಿದವರಿಗೆ ಇದನ್ನು ವಿವರಿಸಬೇಕೆ? ಮದನಿಕೆಯರ ಬಳೆ, ಬೆರಳು, ಬಳ್ಳಿಯ ಎಳೆಗಳಲ್ಲಿ ಉಳಿ ಅಷ್ಟು ಸೂಕ್ಷ್ಮವಾಗಿ ಓಡಿರುವುದು ಈ ಕಲ್ಲಿನ ದಾಕ್ಷಿಣ್ಯದಿಂದ, ಮತ್ತು ತಲೆಮಾರುಗಳಿಂದ ಪಳಗಿದ ಕೈಗಳಿಂದ.

ಟೆಲಿಸ್ಕೋಪಿಗೆ ಬರೋಣ. ಹೊಯ್ಸಳರು ಬರೆಯುವುದರಲ್ಲಿ ಜಿಪುಣರಾಗಿರಲಿಲ್ಲ. ದೇವರ ನಂದಾದೀಪಕ್ಕೆ ಎಣ್ಣೆ ಎಲ್ಲಿಂದ ಬರಬೇಕು, ಯಾವ ಗದ್ದೆ ಯಾರಿಗೆ ದತ್ತಿ, ಗಾಣಕ್ಕೆ ತೆರಿಗೆ ಎಷ್ಟು, ಎಲ್ಲವನ್ನೂ ಕಲ್ಲಿಗೆ ಹಾಕಿದರು. ಶಾಸನತಜ್ಞ ಬಿ.ಎಲ್. ರೈಸ್ 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳದೇ ಒಂದು ದಪ್ಪ ಸಂಪುಟ ತಂದರು. ಗಾಣದ ಲೆಕ್ಕ ಬರೆದವರು ನಕ್ಷತ್ರ ತೋರಿಸುವ ಯಂತ್ರವನ್ನು ಮರೆತುಬಿಟ್ಟರೇ? ಮಸೂರವಾಗಿ ಉಜ್ಜಿದ ಒಂದು ಚೂರು ಗಾಜಿಲ್ಲ, ಒಂದು ಹಲ್ಲುಚಕ್ರ ಮಣ್ಣಿನಲ್ಲಿ ಸಿಕ್ಕಿಲ್ಲ. ಕೊಳವೆಯಂಥದು ಕಂಡರೆ ಟೆಲಿಸ್ಕೋಪ್, ದುಂಡಗಿನದು ಕಂಡರೆ ಗೇರ್; ನಮ್ಮ ಕಾಲದ ಅಂಗಡಿಸಾಮಾನನ್ನೇ ದೇವರ ಕೈಗೆ ಕೊಟ್ಟು ಬೆರಗಾಗುವ ಆಟ ಇದು.

ನನಗೆ ಸಿಟ್ಟು ಬರುವುದು ಬೇರೆಯದಕ್ಕೆ. ಇದನ್ನೆಲ್ಲ 'ನಮ್ಮ ಪೂರ್ವಜರ ಹೆಮ್ಮೆ' ಎಂಬ ಶೀರ್ಷಿಕೆಯಲ್ಲಿ ಹಂಚುತ್ತಾರೆ. ಆದರೆ ಆ ಪೂರ್ವಜರು ಹೆಸರಿಲ್ಲದವರಲ್ಲ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಬೇಲೂರಿನಲ್ಲಿ ತಮ್ಮ ವಿಗ್ರಹಗಳ ಕೆಳಗೆ ಹೆಸರು ಕೆತ್ತಿದ್ದಾರೆ, ಬಿರುದುಗಳ ಸಮೇತ. ಶಿಲ್ಪಿ ಮಲ್ಲಿತಮ್ಮನ ಹೆಸರು ನುಗ್ಗೇಹಳ್ಳಿಯಲ್ಲೂ ಇದೆ, ಸೋಮನಾಥಪುರದಲ್ಲೂ ಇದೆ. ಸಹಿ ಹಾಕಿದ ಮನುಷ್ಯರ ಕೈಯಿಂದ ಕೆಲಸ ಕಸಿದು, ಯಾರೂ ಕಾಣದ ಯಂತ್ರಕ್ಕೆ ಕೊಡುವುದು ಯಾವ ಸೀಮೆಯ ಹೆಮ್ಮೆ? ವಿಡಿಯೊ ಮಾಡಿದವನಿಗಂತೂ ನಷ್ಟವಿಲ್ಲ: 'ದಾಸೋಜ ಕೆತ್ತಿದ' ಎಂದರೆ ಬೆರಳು ಮುಂದೆ ಜಾರುತ್ತದೆ, 'ಮನುಷ್ಯರಿಂದ ಸಾಧ್ಯವೇ?' ಎಂದರೆ ಇಪ್ಪತ್ತು ನಿಮಿಷ ನಿಲ್ಲುತ್ತದೆ, ನಡುವೆ ಜಾಹೀರಾತು ಓಡುತ್ತದೆ.

ಮೊಬೈಲಿನಲ್ಲಿ ಹರಿದಾಡುವ ಇಂಥ ಉಳಿದ ಸುದ್ದಿಗಳಿಗೆ ಒಂದೆರಡು ಸಾಲು ಸಾಕು. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೊ ಜಗತ್ತಿನಲ್ಲೇ ಶ್ರೇಷ್ಠವೆಂದು ಎಂದೂ ಘೋಷಿಸಿಲ್ಲ. ಅದು ನಿಜವಾಗಿ ಮಾಡಿದ್ದು 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದು. ಬೇಲೂರಿನ ಅಂಗಳದ ದೀಪಸ್ತಂಭ ತನ್ನ ಭಾರದಿಂದಲೇ ನಿಂತಿದೆ, ಅದರಲ್ಲಿ ಪವಾಡವಿಲ್ಲ. 2025ರಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿ, ಗಾಬರಿಯಾದ ಜನ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲುಗಟ್ಟಿದರು. ತಜ್ಞರ ಸಮಿತಿ ಪರಿಶೀಲಿಸಿದಾಗ ಅಸಹಜ ಏರಿಕೆ ಕಾಣಲಿಲ್ಲ, ಆ ವರದಿಯನ್ನು ಫಾರ್ವರ್ಡ್ ಮಾಡಿದವರನ್ನು ನಾನು ಕಾಣೆ. ಪೊಲೀಸರ ಸೋಗಿನಲ್ಲಿ ವಿಡಿಯೊ ಕರೆ ಮಾಡಿ ಹೆದರಿಸುವ 'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ.

ಕಂಬ ಕಡೆದವರು ಯಾರೆಂದು ತಪ್ಪು ತಿಳಿದರೆ ಯಾರ ಗಂಟು ಹೋಗುತ್ತದೆ ಎನ್ನುವವರಿದ್ದಾರೆ. ಹೋಗುತ್ತದೆ. ಕಣ್ಣೆದುರಿನ ಕಲ್ಲಿಗಿಂತ ತೆರೆಯ ಮೇಲಿನ ದನಿಯನ್ನು ನಂಬಿ ರೂಢಿಯಾದವನಿಗೆ, "ನಿಮ್ಮ ಕೊಬ್ಬರಿಗೆ ಮುಂಗಡ ಕಳಿಸಿದ್ದೇನೆ, ಸ್ವೀಕರಿಸಲು ಪಿನ್ ಒತ್ತಿ" ಎಂದು ಫೋನಿನಲ್ಲಿ ಯಾರೋ ಹೇಳಿದರೂ ಅನುಮಾನ ಬರುವುದಿಲ್ಲ. ಯುಪಿಐನಲ್ಲಿ ಪಿನ್ ಒತ್ತುವುದು ದುಡ್ಡು ಕೊಡಲು. ಬರುವ ದುಡ್ಡಿಗೆ ಪಿನ್ ಬೇಡ. ಅರಸೀಕೆರೆ ಮಾರುಕಟ್ಟೆಯಲ್ಲಿ ಒಂದೊಂದು ಕೊಬ್ಬರಿಯನ್ನೂ ಪರೀಕ್ಷಿಸಿ ನೋಡುವವರು ಫೋನಿನ ಮಾತಿಗೆ ಮಾತ್ರ ಆ ಪರೀಕ್ಷೆ ಮಾಡುವುದಿಲ್ಲ.