ಬಾಟಲಿಯೊಳಗಿನ ಎಂಟು ಪರ್ಸೆಂಟ್

ಸೂರತ್‌ನ ರಿಂಗ್ ರೋಡ್ ಮಾರುಕಟ್ಟೆಗಳಲ್ಲಿ ಕಟ್ಟಿದ ಸೀರೆ ಗಂಟುಗಳು ಚಿಕ್ಕಪೇಟೆಗೂ ಬರುತ್ತವೆ, ಹುಬ್ಬಳ್ಳಿ–ದಾವಣಗೆರೆ ಅಂಗಡಿಗಳಿಗೂ ಬರುತ್ತವೆ. ಇಲ್ಲಿಂದ ಬೆಂಗಳೂರಿಗೆ ಹೆದ್ದಾರಿ 48ರಲ್ಲಿ ಸುಮಾರು 1,250 ಕಿ.ಮೀ. ಲಾರಿ ಲೀಟರಿಗೆ 4 ಕಿ.ಮೀ. ಓಡಿದರೆ ಒಂದು ಟ್ರಿಪ್ಪಿಗೆ 312 ಲೀಟರ್ ಡೀಸೆಲ್ ಬೇಕು. ಲೀಟರಿಗೆ 90 ರೂಪಾಯಿ ಹಿಡಿದರೂ 28 ಸಾವಿರ ದಾಟುತ್ತದೆ. 2025ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 21.17ಕ್ಕೆ ಏರಿಸಿದಾಗ ನಮ್ಮ ಲಾರಿ ಮಾಲೀಕರು ಮುಷ್ಕರ ಹೂಡಿದ್ದು ಸುಮ್ಮನೆ ಅಲ್ಲ. ಈ ದಂಧೆಯಲ್ಲಿ ಉಳಿದರೂ ಡೀಸೆಲ್‌ನಲ್ಲೇ ಉಳಿಯಬೇಕು, ಹೋದರೂ ಅದರಲ್ಲೇ ಹೋಗಬೇಕು.

ಹೀಗಿರುವಾಗ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಒಬ್ಬ ಸೇಲ್ಸ್‌ಮನ್ ಬಂದು ಪುಟ್ಟ ಬಾಟಲಿ ಮೇಜಿನ ಮೇಲಿಟ್ಟು 'ಆಠ ಟಕಾ' ಅಂದರೆ ಯಾವ ಶೇಠ್‌ಗೆ ಆಸೆಯಾಗುವುದಿಲ್ಲ? ಆಠ ಟಕಾ ಎಂದರೆ ಶೇ 8 ಉಳಿತಾಯ. ಟ್ಯಾಂಕ್ ತುಂಬಿಸುವಾಗ ಒಂದು ಮುಚ್ಚಳ ಸುರಿದರೆ ಸಾಕಂತೆ. ನಾನು ಮೆಕ್ಯಾನಿಕ್ ಅಲ್ಲ. ಲಾರಿಗಳ ಜಿಪಿಎಸ್ ಮತ್ತು ಡೀಸೆಲ್ ಲೆಕ್ಕದ ಸಾಫ್ಟ್‌ವೇರ್ ಬರೆಯುವವನು. ಆದರೂ ಈ ಬಾಟಲಿ ಸುತ್ತಿ ಬಳಸಿ ನನ್ನ ಮೇಜಿಗೇ ಬಂತು.

ಸೇಲ್ಸ್‌ಮನ್‌ಗಳು ಸಾಮಾನ್ಯವಾಗಿ ಹೇಳುವ ಮಾತು, 'ಡೀಸೆಲ್ ಪೂರ್ತಿ ಉರಿಯುತ್ತದೆ' ಎಂಬುದು. ತಮಾಷೆಯೆಂದರೆ, ಸರಿಯಿರುವ ಡೀಸೆಲ್ ಎಂಜಿನ್‌ನಲ್ಲಿ ಅದು ಈಗಲೇ ಹೆಚ್ಚುಕಮ್ಮಿ ಪೂರ್ತಿ ಉರಿಯುತ್ತಿದೆ. ಉರಿಯದೆ ಹೊರಹೋಗುವುದು ನೂರಕ್ಕೆ ಒಂದೋ ಎರಡೋ ಪಾಲು, ಅಷ್ಟೇ. ದೊಡ್ಡ ನಷ್ಟ ಆಗುವುದು ರೇಡಿಯೇಟರ್ ಮತ್ತು ಸೈಲೆನ್ಸರ್ ದಾರಿಯಲ್ಲಿ ಹೋಗುವ ಶಾಖದಲ್ಲಿ. ಅದನ್ನು ಯಾವ ಮುಚ್ಚಳದ ದ್ರವವೂ ಹಿಡಿದಿಡಲಾರದು. ಎರಡು ಪಾಲಷ್ಟೇ ಪೋಲಾಗುತ್ತಿರುವ ಕಡೆ ಎಂಟು ಪಾಲು ಉಳಿಸುವುದು ಹೇಗೆ?

ಹಾಗಂತ ಅಡಿಟಿವ್ ಎಲ್ಲವೂ ಮೋಸ ಎನ್ನಲಾರೆ. ಇಂಜೆಕ್ಟರ್‌ನ ಕೂದಲೆಳೆಯಂಥ ತೂತುಗಳಲ್ಲಿ ಕಲ್ಮಷ ಕಟ್ಟಿದ್ದರೆ ಡಿಟರ್ಜೆಂಟ್ ಇರುವ ದ್ರವ ಅದನ್ನು ತೊಳೆಯುತ್ತದೆ. ಕಳೆದುಹೋಗಿದ್ದ ಮೈಲೇಜ್ ಅಷ್ಟಿಷ್ಟು ವಾಪಸ್ ಬರುತ್ತದೆ. ಗಮನಿಸಿ, ವಾಪಸ್ ಬರುತ್ತದೆ, ಹೊಸದಾಗಿ ಹುಟ್ಟುವುದಿಲ್ಲ. ಸೀಟೇನ್ ಹೆಚ್ಚಿಸುವ ರಾಸಾಯನಿಕಗಳೂ ಇವೆ. ಡೀಸೆಲ್ ಬೇಗ ಹೊತ್ತಿಕೊಳ್ಳಲು ಅವು ನೆರವಾಗುತ್ತವೆ. ಆದರೆ 2020ರ ಏಪ್ರಿಲ್ 1ರಿಂದ ದೇಶದಲ್ಲಿ ಸಿಗುವ ಬಿಎಸ್-6 ಡೀಸೆಲ್‌ನಲ್ಲಿ ಸೀಟೇನ್ ಸಂಖ್ಯೆ ಕನಿಷ್ಠ 51 ಇರಲೇಬೇಕು, ಗಂಧಕ 10 ಪಿಪಿಎಂ ಮೀರುವಂತಿಲ್ಲ. ಜೊತೆಗೆ, ಲೋಹದ ಅಂಶವಿರುವ ಅಡಿಟಿವ್ ಹಾಕಿದರೆ ಉಳಿಯುವ ಬೂದಿ ಬಿಎಸ್-6 ಲಾರಿಗಳ ಹೊಗೆ ಫಿಲ್ಟರ್ ಕಟ್ಟಿಸಬಹುದು. ಆಗ ವಾರಂಟಿಯ ಮಾತೂ ಬರುತ್ತದೆ.

ಅಮೆರಿಕದ ಪರಿಸರ ಸಂಸ್ಥೆ ಇಪಿಎ ಇಂಥ ನೂರಕ್ಕೂ ಹೆಚ್ಚು ಇಂಧನ ಉಳಿತಾಯದ ಸಾಧನ, ದ್ರವಗಳನ್ನು ಪರಿಶೀಲಿಸಿದೆ. ಅಲ್ಪ ಸ್ವಲ್ಪವಾದರೂ ಉಪಯೋಗ ಕಂಡದ್ದು ಬೆರಳೆಣಿಕೆಯವು. ನಮ್ಮಲ್ಲಂತೂ 1996ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೈ 'ಗಿಡಮೂಲಿಕೆ ಪೆಟ್ರೋಲ್' ಎಂದಾಗ ಇಡೀ ದೇಶವೇ ಬಾಯಿಬಿಟ್ಟು ನೋಡಿತ್ತು. 2016ರಲ್ಲಿ ಚೆನ್ನೈನ ನ್ಯಾಯಾಲಯ ಅವರಿಗೆ ಮೂರು ವರ್ಷ ಶಿಕ್ಷೆ ವಿಧಿಸಿತು.

ಹಾಗಾದರೆ 'ಹಾಕಿ ನೋಡಿದೆ, ಅವರೇಜ್ ಏರಿತು' ಎನ್ನುವ ಮಾಲೀಕರು ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. ಅವರೇಜ್ ನಿಜವಾಗಿಯೂ ಏರಿರುತ್ತದೆ. ಖಂಡಾಲಾ, ಖಂಬಾಟ್ಕಿ, ನಿಪ್ಪಾಣಿ ಹತ್ತಿರದ ತವಂದಿ ಘಾಟ್, ಲೋಡಿನ ತೂಕ, ಮುಂಬೈ ಸುತ್ತಿನ ಟ್ರಾಫಿಕ್, ಎದುರುಗಾಳಿ, ಟ್ಯಾಂಕನ್ನು ಕಂಠದವರೆಗೆ ತುಂಬಿದರೋ ಒಂದಿಷ್ಟು ಕೆಳಗೋ, ಇವುಗಳಿಂದಲೇ ಒಂದು ಟ್ರಿಪ್ಪಿಗೂ ಇನ್ನೊಂದಕ್ಕೂ ಲೆಕ್ಕ ಏರುಪೇರಾಗುತ್ತದೆ. ಎಲ್ಲಕ್ಕಿಂತ ದೊಡ್ಡದು ಡ್ರೈವರ್‌ನ ಬಲಗಾಲು. 'ಈ ಗಾಡಿಗೆ ಔಷಧಿ ಹಾಕಿದ್ದೇವೆ, ಮೈಲೇಜ್ ನೋಡುತ್ತೇವೆ' ಎಂದ ಕ್ಷಣದಿಂದ ಆ ಕಾಲು ಹಗುರಾಗುತ್ತದೆ. ನೀರು ಹಾಕಿದ್ದೇವೆಂದು ಹೇಳದೆ ಬರೀ ಖಾಲಿ ಬಾಟಲಿ ತೋರಿಸಿದ್ದರೂ ಏರುತ್ತಿತ್ತೇನೋ!

ನಮ್ಮ ಗ್ರಾಹಕರೊಬ್ಬರು ಕೇಳಿದ್ದು ಪರೀಕ್ಷೆಯನ್ನಲ್ಲ. 'ಬಾಟಲಿ ಶುರು ಮಾಡಿದೆ. ಸಾಫ್ಟ್‌ವೇರ್‌ನಲ್ಲಿ ಟಾರ್ಗೆಟ್ 4 ಇರುವುದನ್ನು 4.3 ಮಾಡಿ' ಎಂದರು. ನನಗದು ಒಂದು ಸಾಲಿನ ಕೆಲಸ. ಆದರೆ ಆ ಸಾಲಿನ ಇನ್ನೊಂದು ತುದಿಯಲ್ಲಿ ಡ್ರೈವರ್‌ನ ಪಗಾರ ಇದೆ. ಅನೇಕ ಟ್ರಾನ್ಸ್‌ಪೋರ್ಟ್‌ಗಳಲ್ಲಿ ಅವರೇಜ್ ಟಾರ್ಗೆಟ್ ಮೀರಿದರೆ ಇನಾಮು, ಕಡಿಮೆಯಾದರೆ ಕಡಿತ. ಲಾರಿ ಮೊದಲಿನ ಹಾಗೇ 4 ಕೊಡುತ್ತಿದ್ದು ಟಾರ್ಗೆಟ್ 4.3 ಆದರೆ, ಬೆಂಗಳೂರು ಟ್ರಿಪ್ಪಿನಲ್ಲಿ ಸುಮಾರು 22 ಲೀಟರ್ 'ಹೆಚ್ಚುವರಿ' ಅವನ ತಲೆಗೆ. ಹತ್ತಿರ ಹತ್ತಿರ 2,000 ರೂಪಾಯಿ. ಕೆಲಸ ಮಾಡದ್ದು ಬಾಟಲಿ, ಕಳ್ಳ ಅನ್ನಿಸಿಕೊಳ್ಳುವವನು ಡ್ರೈವರ್.

ಅವರ ಗಾಡಿ ಓಡಿಸುವ ರಾಣೇಬೆನ್ನೂರಿನ ಡ್ರೈವರ್ ಒಬ್ಬರು ಕಡೋದರಾ ಗೋಡೌನ್ ಹತ್ತಿರ ಸಿಕ್ಕಾಗ ನಾನು ಕನ್ನಡದವನು ಅಂತ ಗೊತ್ತಾಗಿ, 'ಸರ, ಬಾಟ್ಲಿ ಎಷ್ಟರ ಹಾಕ್ಲಿ ಬಿಡ್ರಿ. ನಮ್ ಪಗಾರಕ್ಕ ಕೈ ಹಾಕಬ್ಯಾಡ್ರಿ ಅಂತ ನಿಮ್ ಶೇಠ್‌ಗ ಹೇಳ್ರಿ' ಎಂದರು.

ಶೇಠ್‌ಗೆ ನಾನು ಹೇಳಿದ್ದು ಪಗಾರದ ಮಾತಲ್ಲ, ಲೆಕ್ಕದ ಮಾತು. ಬಾಟಲಿಗೆ ಡೀಸೆಲ್ ಲೀಟರಿಗೊಂದು ರೂಪಾಯಿ ಖರ್ಚು ಹಿಡಿದರೆ, ಆ ದುಡ್ಡು ಹುಟ್ಟಲೇ ಶೇ 1ಕ್ಕಿಂತ ಹೆಚ್ಚು ಉಳಿಯಬೇಕು. ಅಷ್ಟು ಸಣ್ಣ ವ್ಯತ್ಯಾಸ ಹಿಡಿಯಲು ಒಂದೇ ಮಾದರಿಯ, ಒಂದೇ ದಾರಿಯ 12 ಗಾಡಿ ತೆಗೆದುಕೊಳ್ಳೋಣ. ಆರಕ್ಕೆ ಅಡಿಟಿವ್, ಆರಕ್ಕೆ ಅದೇ ಥರದ ಬಾಟಲಿಯಲ್ಲಿ ಬರೀ ಡೀಸೆಲ್. ಯಾವುದರಲ್ಲಿ ಏನಿದೆ ಎಂದು ಡ್ರೈವರ್‌ಗೂ ತಿಳಿಯಬಾರದು, ತುಂಬಿಸುವವನಿಗೂ ತಿಳಿಯಬಾರದು. ಎರಡು ತಿಂಗಳ ಬಳಿಕ ಅದಲುಬದಲು. ಲೋಡಿನ ತೂಕ ಬರೆದಿಡಬೇಕು, ಒಂದೇ ಬಂಕಿನಲ್ಲಿ ತುಂಬಿಸಬೇಕು. ಶುರು ಮಾಡುವ ಮೊದಲು ಎಲ್ಲ ಗಾಡಿಗಳ ಟೈರ್ ಗಾಳಿ, ಏರ್ ಫಿಲ್ಟರ್ ಸರಿ ಮಾಡಿಸಬೇಕು. ಅಷ್ಟು ಮಾಡಿದರೆ ಒಂದಿಷ್ಟು ಡೀಸೆಲ್ ಬಾಟಲಿಯಿಲ್ಲದೆಯೇ ಉಳಿಯುತ್ತದೆ ಎಂದೂ ಸೇರಿಸಿದೆ.

ಶೇಠ್ ಚಹಾ ತರಿಸಿದರು, ನಕ್ಕರು, 'ನೀವು ದಕ್ಷಿಣದವರು ಎಲ್ಲದಕ್ಕೂ ಪರೀಕ್ಷೆ ಅಂತೀರಿ' ಎಂದರು. ಆದರೆ ಪರೀಕ್ಷೆಗೆ ಒಪ್ಪಿದರು. ಈಗ ಮೊದಲ ತಿಂಗಳು ನಡೆಯುತ್ತಿದೆ. ಯಾವ ಗಾಡಿಗೆ ಯಾವ ಬಾಟಲಿ ಎಂಬ ಪಟ್ಟಿ ಲಕೋಟೆಯಲ್ಲಿ ಮುಚ್ಚಿ ಅವರ ಅಕೌಂಟೆಂಟ್ ಹತ್ತಿರ ಇದೆ. ಅಲ್ಲಿವರೆಗೆ ಟಾರ್ಗೆಟ್ 4 ಇದ್ದದ್ದು ನಾಲ್ಕೇ.